ಮಕ್ಕಳ ಅದ್ಭುತಕಥೆಗಳೂ ಹಿರಿಯ ವಾಚಕರೂ

ವಯಸ್ಸಿಗೆ ತಕ್ಕ ಉಡುಪು, ವಯಸ್ಸಿಗೆ ತಕ್ಕ ಮಾತು, ವಯಸ್ಸಿಗೆ ತಕ್ಕ ನಡೆ ಎಂದು ಲೋಕವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದೆ. ವಯಸ್ಸಿಗೆ ತಕ್ಕ ಓದೆಂಬುದೂ ಅವುಗಳಲ್ಲಿ ಒಂದು. ಮನೆಯ ಯಜಮಾನನು ಇತಿಹಾಸವನ್ನೋ ವೇದಾಂತವನ್ನೋ ವೃತ್ತಪತ್ರಿಕೆಯನ್ನೋ ಓದುತ್ತಿದ್ದರೆ ನೋಡಿದವರು ಮೆಚ್ಚುವರು. ಆತನೇ ಮಗಳ ಪುಸ್ತಕಗಳ ನಡುವಿನಿಂದ ಮಾತನಾಡುವ ಮೊಲದ ಕಥೆಯನ್ನೋ ಮಾಟಗಾತಿಯ ಕಥೆಯನ್ನೋ ತೆಗೆದು, ಎಲ್ಲರೂ ಮಲಗಿದ ಮೇಲೆ ದೀಪದ ಬಳಿ ಕುಳಿತು ಓದುತ್ತಿದ್ದರೆ ನಗುವರು. ಯಾರಾದರೂ ಬಂದ ಸಪ್ಪಳವಾದೊಡನೆ ಆತನೂ ಪುಸ್ತಕವನ್ನು ಮಗುಚಿ ಇಟ್ಟುಬಿಡುವನು. ಓದಿನಲ್ಲಿ ಆತನಿಗೆ ದೊರೆತ ಸಂತೋಷವು ನಿಜ. ಆ ಸಂತೋಷಕ್ಕಾಗಿ ಆತನು ಪಟ್ಟ ನಾಚಿಕೆಯೂ ಅಷ್ಟೇ ನಿಜ. ಇವೆರಡರಲ್ಲಿ ಯಾವುದು ಮೂಲದ್ದು, ಯಾವುದು ನಡುವೆ ಬಂದು ಸೇರಿದುದು ಎಂಬುದನ್ನು ವಿಚಾರಿಸುವುದು ಯುಕ್ತ. ಯುರೋಪು ಖಂಡದ ಸಾಹಿತ್ಯಚರಿತ್ರೆಯನ್ನು ನೋಡಿದರೆ, ಸಂತೋಷವು ಹಳೆಯದೆಂದೂ ನಾಚಿಕೆಯು ಈಚಿನದೆಂದೂ ತಿಳಿದುಬರುವುದು.

೧೬೯೭ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಸಣ್ಣ ಪುಸ್ತಕವು ಪ್ರಕಟವಾಯಿತು. ಅದರಲ್ಲಿ ಇದ್ದುವು ಎಂಟು ಗದ್ಯಕಥೆಗಳು: ನೂರು ವರ್ಷ ನಿದ್ರಿಸಿದ ರಾಜಕುಮಾರಿ, ಕೆಂಪು ಕುಲಾವಿಯ ಹುಡುಗಿ, ಬೂಟು ತೊಟ್ಟ ಬೆಕ್ಕು, ಗಾಜಿನ ಪಾದರಕ್ಷೆಯ ಸಿಂಡರೆಲಾ ಮೊದಲಾದುವು. ಇಂದು ಇವು ಮಕ್ಕಳ ಕಥೆಗಳೆಂದೇ ಹೆಸರಾಗಿವೆ. ಆದರೆ ಇವನ್ನು ಬರೆದ ಷಾರ್ಲ್ ಪೆರೋ ಆಗ ಅರುವತ್ತೊಂಬತ್ತು ವರ್ಷದ ವೃದ್ಧನು. ಹದಿನಾಲ್ಕನೆಯ ಲೂಯಿ ದೊರೆಯ ಆಡಳಿತದಲ್ಲಿ ಬಹುಕಾಲ ಅಧಿಕಾರದಲ್ಲಿದ್ದವನು. ಫ್ರೆಂಚ್ ಅಕಾಡೆಮಿಯ ಸದಸ್ಯನು. ಗ್ರಂಥದ ಅರ್ಪಣಪತ್ರಕ್ಕೆ ಆತನು ತನ್ನ ಹೆಸರನ್ನು ಹಾಕದೆ ಮಗನ ಹೆಸರನ್ನು ಹಾಕಿಸಿದನು. ಗ್ರಂಥವು ಅರ್ಪಿತವಾದುದಾದರೂ ಯಾರಿಗೆ? ದೊರೆಯ ತಮ್ಮನ ಮಗಳಿಗೆ. ಆಕೆಗೆ ಆಗ ಇಪ್ಪತ್ತು ವರ್ಷ. ಪ್ರತಿಯೊಂದು ಕಥೆಯ ಕೊನೆಗೂ ಪೆರೋ ಪದ್ಯದಲ್ಲಿ ಒಂದು ನೀತಿಯನ್ನು ಸೇರಿಸಿದ್ದಾನೆ. ಕೆಂಪು ಕುಲಾವಿಯ ಕಥೆಯ ನೀತಿಯು, ಸವಿಮಾತನಾಡುತ್ತ ಹಿಂಬಾಲಿಸುವ ಎರಡು ಕಾಲಿನ ತೋಳಗಳ ವಿಷಯದಲ್ಲಿ ಯುವತಿಯರಿಗೆ ಕೊಟ್ಟ ಎಚ್ಚರಿಕೆಯಾಗಿದೆ. ಇದು ಐದು ವರ್ಷದ ಕೂಸಿಗೆ ತಿಳಿಯುವ ಮಾತಲ್ಲ. ಅದೇ ವರ್ಷ ಮದಾಂ ದೋಲ್ನ್ವಾ ಎಂಬ ಕುಲೀನ ಸ್ತ್ರೀಯು ತನ್ನ ಕಥಾಸಂಗ್ರಹವನ್ನು ಕಿನ್ನರಕಥೆಗಳೆಂಬ ಹೆಸರಿನಿಂದ ಪ್ರಕಟಿಸಿದಳು. ಪ್ಯಾರಿಸಿನ ಸಿರಿವಂತರ ಮನೆಗಳ ಹಜಾರಗಳಲ್ಲಿ ವಿದ್ವಾಂಸರೂ ವಿದುಷಿಯರೂ ಕಲೆತು, ಇಂತಹ ಕಥೆಗಳನ್ನು ಹೇಳಿ ಕೇಳಿ ವಿನೋದಪಡುತ್ತಿದ್ದರು. ೧೭೦೪ರಿಂದ ೧೭೧೭ರವರೆಗೆ ಆಂತ್ವಾನ್ ಗಾಲಾನನು ಅರಬ್ಬಿಯ ಸಾವಿರದೊಂದು ರಾತ್ರಿಗಳ ಕಥೆಗಳನ್ನು ಹನ್ನೆರಡು ಸಂಪುಟಗಳಲ್ಲಿ ಫ್ರೆಂಚ್ ಭಾಷೆಗೆ ತಂದಾಗ, ಅವನ್ನು ಹಂಬಲಿಸಿ ಓದಿದವರೂ ಇಂತಹ ಹಿರಿಯರೇ.

ಕಥೆಯು ವಯಸ್ಸನ್ನು ಕೇಳದಿದ್ದ ಈ ಸ್ಥಿತಿಯು ಕನ್ನಡಿಗರಿಗೆ ಹೊಸದಾಗಿ ತೋರಲಾರದು. ರಾಜಕುಮಾರರ ಶಿಕ್ಷಣಕ್ಕಾಗಿ ಹುಟ್ಟಿತೆಂದು ಹೇಳುವ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದವನು ದುರ್ಗಸಿಂಹ. ಆತನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಪರರಾಜ್ಯಗಳೊಡನೆ ಸಂಧಿಯನ್ನೂ ವಿಗ್ರಹವನ್ನೂ ನಿರ್ವಹಿಸುವ ಮಂತ್ರಿಗೆ ನರಿ ಎತ್ತುಗಳ ಸಂಭಾಷಣೆಯು ಹಗುರವಾಗಿ ಕಾಣಲಿಲ್ಲ. ಅದೇ ಕಥಾಪರಂಪರೆಯು ಪಾರಸಿ ಅರಬ್ಬಿ ಭಾಷೆಗಳ ಮಾರ್ಗವಾಗಿ ಫ್ರಾನ್ಸಿಗೂ ಹೋಯಿತು. ೧೬೭೮ರಲ್ಲಿ ಲಾ ಫೊಂತೇನ್ ಕವಿಯು ತನ್ನ ನೀತಿಕಥೆಗಳ ಎರಡನೆಯ ಸಂಗ್ರಹವನ್ನು ಪ್ರಕಟಿಸುವಾಗ, ಅವುಗಳಲ್ಲಿ ಬಹುಭಾಗಕ್ಕೆ ಹಿಂದೂದೇಶದ ಮುನಿಯಾದ ಪಿಲ್‌ಪಾಯನಿಗೆ ತಾನು ಋಣಿಯೆಂದು ಒಪ್ಪಿಕೊಂಡನು. ಆತನ ಮೊದಲನೆಯ ಸಂಗ್ರಹವು ಆರು ವರ್ಷದ ಯುವರಾಜನಿಗೆ ಅರ್ಪಿತವಾಗಿದ್ದಿತು. ಈ ಎರಡನೆಯದು ಅರಮನೆಯ ಪ್ರೌಢಸ್ತ್ರೀಯೊಬ್ಬಳಿಗೆ.

ಹಾಗಾದರೆ ಅದ್ಭುತಕಥೆಯು ಹಜಾರವನ್ನು ಬಿಟ್ಟು ಮಕ್ಕಳ ಕೊಠಡಿಗೆ ಸೇರಿದುದು ಹೇಗೆ? ಇದು ಒಂದೇ ದಿನದಲ್ಲಿ ನಡೆದ ಕಾರ್ಯವಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ನೀತಿಬೋಧಕರು ಈ ಕಥೆಗಳು ಮಕ್ಕಳಿಗೂ ಬೇಡವೆಂದರು. ಸಾರಾ ಟ್ರಿಮರ್ ಎಂಬ ವಿದ್ಯಾಭಿಮಾನಿನಿಯು ೧೮೦೨ರಿಂದ ೧೮೦೬ರವರೆಗೆ ನಡೆಸಿದ ತನ್ನ ಪತ್ರಿಕೆಯಲ್ಲಿ ಮಕ್ಕಳ ಪುಸ್ತಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸಿಂಡರೆಲಾಳ ಕಥೆಯನ್ನೂ ಹಾನಿಕರವೆಂದು ಖಂಡಿಸಿದಳು. ಜರ್ಮನಿಯಲ್ಲಿ ಗ್ರಿಮ್ ಸಹೋದರರು ೧೮೧೨ರಲ್ಲಿ ತಮ್ಮ ಸಂಗ್ರಹದ ಮೊದಲನೆಯ ಸಂಪುಟವನ್ನು ಪ್ರಕಟಿಸಿದರು. ಅದರ ಹೆಸರಿನಲ್ಲಿ ಮಕ್ಕಳೂ ಇದ್ದರು, ಮನೆಯೂ ಇದ್ದಿತು. ಆದರೆ ಪುಸ್ತಕವು ಭಾಷಾವಿದ್ವಾಂಸರ ಕೃತಿ. ಚಿತ್ರಗಳಿರಲಿಲ್ಲ, ಪಾಂಡಿತ್ಯಪೂರ್ಣವಾದ ಟಿಪ್ಪಣಿಗಳಿದ್ದುವು. ಇದು ಮಕ್ಕಳಿಗೆ ತಕ್ಕುದಲ್ಲವೆಂಬ ಆಕ್ಷೇಪಣೆಯು ಬಂದಿತು. ಸಹೋದರರು ಮುದ್ರಣದಿಂದ ಮುದ್ರಣಕ್ಕೆ ಕಥೆಗಳನ್ನು ತಿದ್ದಿ ನಯಗೊಳಿಸಿದರು. ೧೮೨೫ರಲ್ಲಿ ಐವತ್ತು ಕಥೆಗಳನ್ನು ಆರಿಸಿ, ಮತ್ತೊಬ್ಬ ಸಹೋದರನಾದ ಲುಡ್ವಿಗ್ ಬರೆದ ಚಿತ್ರಗಳೊಡನೆ ಒಂದು ಸಣ್ಣ ಆವೃತ್ತಿಯನ್ನು ಹೊರಡಿಸಿದರು. ವಿದ್ವಾಂಸನ ಮೇಜಿನ ಮೇಲಿದ್ದ ಗ್ರಂಥವು ಹೀಗೆ ಮಗುವಿನ ಕೈಗೆ ಬಂದಿತು. ಇದು ಮಗುವಿಗೆ ಲಾಭವೇ ಸರಿ. ಆದರೆ ಮಗುವಿಗೆ ಕೊಟ್ಟುದು ತಮಗೆ ಸಲ್ಲದೆಂಬ ಭಾವನೆಯೊಂದು ಹಿರಿಯರಲ್ಲಿ ಮೆಲ್ಲಮೆಲ್ಲನೆ ಬೇರೂರಿತು.

ಈ ಭಾವನೆಯಿಂದ ನೊಂದವರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನನು ಮುಖ್ಯನು. ೧೮೩೫ರಲ್ಲಿ ಆತನ ಮೊದಲನೆಯ ಕಥಾಪುಸ್ತಿಕೆಯು ಹೊರಟಾಗ, ಅವು ಮಕ್ಕಳಿಗಾಗಿ ಹೇಳಿದ ಕಥೆಗಳೆಂದು ಶೀರ್ಷಿಕೆಯಲ್ಲಿಯೇ ಅಚ್ಚಾಗಿದ್ದಿತು. ೧೮೪೩ರ ಕೊನೆಯಲ್ಲಿ ಹೊರಟ ಹೊಸ ಸಂಗ್ರಹದಿಂದ ಆತನು ಆ ಮಾತನ್ನು ತೆಗೆದುಹಾಕಿದನು. ಕುರೂಪಿಯಾದ ಬಾತುಮರಿಯ ಕಥೆಯೂ ಚಕ್ರವರ್ತಿಯ ಕೋಗಿಲೆಯ ಕಥೆಯೂ ಇದರಲ್ಲಿಯೇ ಇರುವುದು. ಎಲ್ಲರಿಂದ ತಿರಸ್ಕೃತವಾಗಿ ಚಳಿಗಾಲವನ್ನು ಕಳೆದ ಆ ಮರಿಯ ಸಂಕಟವನ್ನು ಮಗುವು ಕೇಳಿ ಮರುಗೀತು. ಅದರ ಪೂರ್ಣವಾದ ಅರ್ಥವನ್ನು ಅಂತಹ ಚಳಿಗಾಲವೊಂದನ್ನು ತಾನೇ ಕಳೆದವನು ಬಲ್ಲನು. ೧೮೭೫ರಲ್ಲಿ, ಆಂಡರ್ಸನನ ಕೊನೆಯ ದಿನಗಳಲ್ಲಿ, ಕೋಪನ್‌ಹೇಗನ್ ನಗರದಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸುವ ಯತ್ನವು ನಡೆಯುತ್ತಿದ್ದಿತು. ಸುತ್ತಲೂ ಮಕ್ಕಳು ಮುತ್ತಿಕೊಂಡಿರುವಂತೆ ಶಿಲ್ಪಿಯು ರಚಿಸಿದ್ದ ಮಾದರಿಯನ್ನು ಕಂಡು ಆತನು ಕನಲಿದನು. ತನ್ನ ಕಥೆಗಳು ಮಕ್ಕಳಿಗೆ ಎಷ್ಟೋ ಹಿರಿಯರಿಗೂ ಅಷ್ಟೇ ಎಂಬುದು ಆತನ ವಾದ. ರೋಸೆನ್‌ಬೋರ್ಗ್ ಅರಮನೆಯ ಉದ್ಯಾನದಲ್ಲಿ ೧೮೮೦ರಲ್ಲಿ ನಿಂತ ಪ್ರತಿಮೆಯ ಬಳಿ ಮಕ್ಕಳಿಲ್ಲ. ಪುಸ್ತಕವನ್ನು ಹಿಡಿದು ಆತನೊಬ್ಬನೇ ಕುಳಿತಿದ್ದಾನೆ. ಮಕ್ಕಳ ಮೇಲಿನ ಅನಾದರದಿಂದ ಆತನು ಹಾಗೆ ಹೇಳಿದನೆಂದು ಭಾವಿಸಬಾರದು. ತಾನು ಕಟ್ಟಿದ ಮನೆಯ ಅರ್ಧ ಬಾಗಿಲನ್ನು ಇತರರು ಮುಚ್ಚುವುದನ್ನು ಕಂಡ ಯಜಮಾನನ ಕಳವಳವದು.

ಇಂಗ್ಲೆಂಡಿನಲ್ಲಿ ಇದೇ ಮನೆಗೆ ಕಾವಲು ನಿಂತವನು ಚಾರ್ಲ್ಸ್ ಡಿಕನ್ಸ್. ಆತನ ಕಾದಂಬರಿಗೆ ಚಿತ್ರಗಳನ್ನು ಬರೆದ ಜಾರ್ಜ್ ಕ್ರೂಯಿಕ್‌ಷ್ಯಾಂಕನು ೧೮೨೩ರಲ್ಲಿ ಗ್ರಿಮ್ ಕಥೆಗಳ ಇಂಗ್ಲಿಷ್ ಭಾಷಾಂತರಕ್ಕೂ ಮನೋಹರವಾದ ಚಿತ್ರಗಳನ್ನು ಬರೆದಿದ್ದನು. ಮುಂದೆ ಆತನು ಪಾನನಿಷೇಧದ ಉತ್ಸಾಹಿಯಾದನು. ಹಳೆಯ ಕಥೆಗಳನ್ನು ತಾನೇ ತಿದ್ದಿ, ಮದ್ಯಪಾನದ ಕೇಡನ್ನು ಬೋಧಿಸುವ ಪ್ರಸಂಗಗಳನ್ನು ಅವುಗಳಲ್ಲಿ ಸೇರಿಸಿದನು. ಡಿಕನ್ಸನು ತನ್ನ ವಾರಪತ್ರಿಕೆಯಲ್ಲಿ ೧೮೫೩ರ ಅಕ್ಟೋಬರ್ ೧ರಂದು ಇದನ್ನು ಪ್ರತಿಭಟಿಸಿ, ಸಿಂಡರೆಲಾಳ ಕಥೆಯನ್ನು ಕಾಲದ ಸಕಲ ಸುಧಾರಣೆಗಳಿಗೂ ಅನುಗುಣವಾಗಿ ಹಾಸ್ಯಮಾಡಿ ಬರೆದು ತೋರಿಸಿದನು. ಮಿತ್ರನ ಉದ್ದೇಶವು ಒಳ್ಳೆಯದಲ್ಲವೆಂದು ಆತನು ಹೇಳಲಿಲ್ಲ. ಉಪಯುಕ್ತತೆಯನ್ನೇ ಎಣಿಸುವ ಯುಗದಲ್ಲಿ ಕಿನ್ನರಕಥೆಗಳನ್ನು ಗೌರವಿಸಿ ಇದ್ದಂತೆಯೇ ಉಳಿಸಬೇಕಾದುದು ರಾಷ್ಟ್ರದ ಹಿತಕ್ಕೇ ಅವಶ್ಯಕವೆಂದು ವಾದಿಸಿದನು. ನಲವತ್ತೊಂದು ವರ್ಷದ, ಜಗತ್ಪ್ರಸಿದ್ಧನಾದ ಕಾದಂಬರಿಕಾರನು ಮಗುವಿನ ಕಥೆಗಾಗಿ ಹಳೆಯ ಮಿತ್ರನನ್ನೇ ಎದುರಿಸಿದುದು ಗಮನಾರ್ಹವಾಗಿದೆ.

ಐದು ವರ್ಷಗಳ ತರುವಾಯ, ೧೮೫೮ರಲ್ಲಿ, ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡನು 'ಫ್ಯಾಂಟಾಸ್ಟೀಸ್' ಎಂಬ ಅದ್ಭುತಕಥೆಯನ್ನು ಬರೆದು, ಅದು ಸ್ತ್ರೀಪುರುಷರಿಗಾಗಿ ರಚಿತವಾದ ಕಿನ್ನರಕಥೆಯೆಂದು ಶೀರ್ಷಿಕೆಯ ಕೆಳಗೆ ನಮೂದಿಸಿದನು. ಅಂತಹ ನಮೂದು ಬೇಕಾಯಿತೆಂಬುದರಿಂದಲೇ ಕಾಲವು ಎಷ್ಟು ಬದಲಾಗಿದ್ದಿತೆಂಬುದು ಸ್ಪಷ್ಟ. ತಾನು ಬರೆಯುವುದು ಮಕ್ಕಳಿಗಾಗಿ ಅಲ್ಲ, ಐದು ವರ್ಷದವರಾಗಲಿ ಐವತ್ತು ವರ್ಷದವರಾಗಲಿ ಮಗುವಿನ ಮನಸ್ಸುಳ್ಳವರಿಗಾಗಿ, ಎಂದು ಆತನು ಮುಂದೆ ೧೮೯೩ರಲ್ಲಿ ವಿವರಿಸಿದನು. ಆದರೆ ಪ್ರವಾಹವು ಬೇರೆ ಕಡೆಗೆ ಹರಿಯುತ್ತಿದ್ದಿತು. ೧೮೮೯ರಿಂದ ೧೯೧೦ರವರೆಗೆ ಆಂಡ್ರೂ ಲ್ಯಾಂಗನ ಹೆಸರಿನಲ್ಲಿ, ಬಹುಪಾಲು ಆತನ ಪತ್ನಿಯ ಮತ್ತು ಇತರ ಸ್ತ್ರೀಯರ ಭಾಷಾಂತರದ ಪರಿಶ್ರಮದಿಂದ, ಬಣ್ಣಬಣ್ಣದ ಹೆಸರುಗಳ ಹನ್ನೆರಡು ಕಿನ್ನರಕಥಾ ಸಂಪುಟಗಳು ಹೊರಟುವು. ದೇಶದೇಶಗಳ ಕಥೆಗಳು ಅವುಗಳಲ್ಲಿ ಸೇರಿದುವು. ಸೇರಿದುದೆಲ್ಲವೂ ಮಕ್ಕಳ ಕಪಾಟಿಗೆ. ಆದರೂ ಹಿರಿಯರು ಆ ಕಪಾಟನ್ನು ತೆರೆಯುವುದನ್ನು ಬಿಡಲಿಲ್ಲ. ಇಂಗ್ಲೆಂಡು ಬ್ಯಾಂಕಿನ ಕಾರ್ಯದರ್ಶಿಯಾಗಿದ್ದ ಕೆನ್ನೆತ್ ಗ್ರಹಾಮನು ಆ ಹುದ್ದೆಯನ್ನು ಬಿಟ್ಟ ೧೯೦೮ರಲ್ಲಿಯೇ, ನದೀತೀರದ ಇಲಿ, ಮೋಲ್, ಕಪ್ಪೆಗಳ ಕಥೆಯಾದ 'ದಿ ವಿಂಡ್ ಇನ್ ದಿ ವಿಲೋಸ್' ಎಂಬುದನ್ನು ಪ್ರಕಟಿಸಿದನು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನು ಅದನ್ನು ಓದಿ, ಪುನಃ ಓದಿ, ಅದರ ಪಾತ್ರಗಳು ತನಗೆ ಹಳೆಯ ಸ್ನೇಹಿತರಾಗಿಬಿಟ್ಟುವೆಂದು ೧೯೦೯ರಲ್ಲಿ ಗ್ರಂಥಕರ್ತನಿಗೆ ಪತ್ರ ಬರೆದನು.

ಅಷ್ಟರಲ್ಲಿ ಮಹಾಯುದ್ಧವು ಬಂದಿತು. ಇಂತಹ ಕಾಲದಲ್ಲಿ ಅದ್ಭುತಕಥೆಯು ಅರ್ಥವಿಲ್ಲದ ಆಟದಂತೆ ತೋರುವುದು ಸಹಜ. ಆದರೆ ಮುಂದೆ ಈ ಕಥೆಗಳಿಗೆ ಹಿರಿಯರ ಲೋಕದಲ್ಲಿ ಮಾನವನ್ನು ತಂದುಕೊಟ್ಟ ಇಬ್ಬರೂ ಆ ಯುದ್ಧದ ಕಂದಕಗಳಲ್ಲಿ ನಿಂತವರು. ಅವರಲ್ಲಿ ಕಿರಿಯನಾದ ಸಿ. ಎಸ್. ಲೂಯಿಸನು ೧೯೧೬ರಲ್ಲಿ, ಹದಿನೇಳು ವರ್ಷದ ವಿದ್ಯಾರ್ಥಿಯಾಗಿದ್ದಾಗ, ಲೆದರ್‌ಹೆಡ್ ರೈಲ್ವೆ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಮ್ಯಾಕ್‌ಡೊನಾಲ್ಡನ 'ಫ್ಯಾಂಟಾಸ್ಟೀಸ್' ಪ್ರತಿಯೊಂದನ್ನು ಕೊಂಡನು. ಆ ಓದು ತನ್ನ ಕಲ್ಪನೆಗೆ ಹೊಸ ಜನ್ಮವನ್ನು ಕೊಟ್ಟಿತೆಂದು ಆತನು ಜೀವಮಾನವಿಡೀ ಹೇಳುತ್ತಿದ್ದನು. ಮರುವರ್ಷ ಆತನು ಫ್ರಾನ್ಸಿನ ರಣರಂಗಕ್ಕೆ ಹೋಗಿ, ೧೯೧೮ರ ಏಪ್ರಿಲಿನಲ್ಲಿ ಗಾಯಗೊಂಡು ಮರಳಿದನು. ಹಿರಿಯನಾದ ಜೆ. ಆರ್. ಆರ್. ಟೋಲ್ಕೀನನು ೧೯೧೬ರಲ್ಲಿ ಸೊಮ್ ನದಿಯ ಯುದ್ಧದಲ್ಲಿದ್ದನು. ಶಾಲೆಯ ದಿನಗಳಿಂದ ಪ್ರಾಣಪ್ರಿಯರಾಗಿದ್ದ ಇಬ್ಬರು ಗೆಳೆಯರು ಅದೇ ವರ್ಷ ಮಡಿದರು. ಆತನು ಕಂದಕಜ್ವರದಿಂದ ಪೀಡಿತನಾಗಿ ಇಂಗ್ಲೆಂಡಿಗೆ ಮರಳಿ, ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ತನ್ನ ಕಲ್ಪಿತಲೋಕದ ಕಥೆಗಳನ್ನು ಬರೆಯಲಾರಂಭಿಸಿದನು. ಅದ್ಭುತಕಥೆಯ ರುಚಿಯು ಭಾಷಾಶಾಸ್ತ್ರದ ವ್ಯಾಸಂಗದಿಂದ ತಾರುಣ್ಯದ ಹೊಸ್ತಿಲಲ್ಲಿ ತನಗೆ ಹತ್ತಿತೆಂದೂ, ಅದು ಪೂರ್ಣವಾಗಿ ಜೀವಗೊಂಡುದು ಯುದ್ಧದಿಂದ ಎಂದೂ ಟೋಲ್ಕೀನನೇ ತಿಳಿಸಿದ್ದಾನೆ. ಸಾವನ್ನು ಸಮೀಪದಿಂದ ಕಂಡ ವಯಸ್ಕನಿಗೆ ಕಥೆಯ ಹಸಿವು ಹೆಚ್ಚಿತೇ ಹೊರತು ತಗ್ಗಲಿಲ್ಲ.

೧೯೩೭ರ ಸೆಪ್ಟೆಂಬರಿನಲ್ಲಿ ಟೋಲ್ಕೀನನ 'ದಿ ಹಾಬಿಟ್' ಪ್ರಕಟವಾಯಿತು. ಅದಕ್ಕೆ ಮೊದಲು ಪ್ರಕಾಶಕನು ಹಸ್ತಪ್ರತಿಯನ್ನು ತನ್ನ ಹತ್ತು ವರ್ಷದ ಮಗನ ಕೈಗೆ ಕೊಟ್ಟು, ಒಂದು ಷಿಲ್ಲಿಂಗ್ ಸಂಭಾವನೆಗೆ ಅಭಿಪ್ರಾಯವನ್ನು ಬರೆಯಿಸಿದ್ದನು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇದು ಹಿಡಿಸುವುದೆಂದು ಆ ಹುಡುಗನು ಗಂಭೀರವಾಗಿ ತೀರ್ಪಿತ್ತನು. ಹತ್ತು ತುಂಬಿದವನಿಗೂ ತಾನು ಅಂತಹ ಕಥೆಗಳ ವಯಸ್ಸನ್ನು ದಾಟಿದವನೆಂಬ ಹೆಮ್ಮೆ! ಮುಂದೆ ೧೯೩೯ರ ಮಾರ್ಚ್ ೮ರಂದು ಟೋಲ್ಕೀನನು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಕಿನ್ನರಕಥೆಗಳನ್ನು ಕುರಿತು ಉಪನ್ಯಾಸ ಮಾಡಿದನು. ಅದು ಆಂಡ್ರೂ ಲ್ಯಾಂಗನ ಸ್ಮಾರಕೋಪನ್ಯಾಸವಾಗಿದ್ದುದು ವಿಶೇಷ. ಲ್ಯಾಂಗನ ಸಂಪುಟಗಳು ಯಾವ ಕಥೆಗಳನ್ನು ಮಕ್ಕಳ ಕೊಠಡಿಯಲ್ಲಿ ನೆಲೆಗೊಳಿಸಿದುವೋ, ಅವು ಅಲ್ಲಿಗೆ ಸೇರಿದುದು ಆಕಸ್ಮಿಕವೆಂದು ಆತನ ಹೆಸರಿನ ವೇದಿಕೆಯಲ್ಲಿಯೇ ಟೋಲ್ಕೀನನು ತೋರಿಸಿದನು. ಹಿರಿಯರು ತಮಗೆ ಹಳತೆನಿಸಿದ ಮೇಜು ಕುರ್ಚಿಗಳನ್ನು ಮಕ್ಕಳ ಕೊಠಡಿಗೆ ಸಾಗಿಸುವಂತೆ ಈ ಕಥೆಗಳನ್ನೂ ಸಾಗಿಸಿದರು. ಅವನ್ನು ಆರಿಸಿಕೊಂಡವರು ಮಕ್ಕಳಲ್ಲ. ಇವು ಬದುಕಿನಿಂದ ಓಡಿಹೋಗುವ ಉಪಾಯವೆಂಬ ನಿಂದೆಗೂ ಆತನು ಉತ್ತರ ಕೊಟ್ಟನು. ಸೆರೆಯಲ್ಲಿರುವವನು ತನ್ನ ಮನೆಯನ್ನು ನೆನೆದರೆ, ಗೋಡೆಗಳ ಆಚೆಗಿನ ಮಾತನ್ನಾಡಿದರೆ, ಅದನ್ನು ಹೇಡಿತನವೆನ್ನಲಾಗದು. ರಣದಿಂದ ಪಲಾಯನ ಮಾಡುವವನ ಹೆಸರನ್ನು ಅವನಿಗೆ ಕೊಡುವುದು ಅನ್ಯಾಯ. ಇದನ್ನು ನುಡಿದವನು ರಣವನ್ನು ಕಂಡವನಾದುದರಿಂದ ಈ ಮಾತಿಗೆ ತೂಕವಿದೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಗಿ, ನಗರಗಳಿಂದ ಸಾಗಿಸಲ್ಪಟ್ಟ ಮಕ್ಕಳಲ್ಲಿ ಕೆಲವರು ಆಕ್ಸ್‌ಫರ್ಡಿನಲ್ಲಿದ್ದ ಲೂಯಿಸನ ಮನೆಗೂ ಬಂದರು. ಮದುವೆಯಿಲ್ಲದ ನಲವತ್ತು ವರ್ಷದ ಅಧ್ಯಾಪಕನ ಮನೆಯಲ್ಲಿ ಮಕ್ಕಳ ಸದ್ದು ಕೇಳಿಸಿತು. ಆಗ ಅಂಕುರಿಸಿದ ಕಥೆಯೊಂದು ೧೯೫೦ರ ಅಕ್ಟೋಬರಿನಲ್ಲಿ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಎಂಬ ಪುಸ್ತಕವಾಗಿ ಹೊರಬಂದಿತು. ಅದನ್ನು ಆತನು ತನ್ನ ಧರ್ಮಪುತ್ರಿಯಾದ ಲೂಸಿ ಎಂಬ ಹುಡುಗಿಗೆ ಅರ್ಪಿಸಿದನು. ಪುಸ್ತಕವು ಬೆಳೆಯುವುದಕ್ಕಿಂತ ಬೇಗನೆ ಹುಡುಗಿಯರು ಬೆಳೆಯುತ್ತಾರೆ. ಇದು ಕೈಸೇರುವಷ್ಟರಲ್ಲಿ ಆಕೆಯು ಇಂತಹ ಕಥೆಗಳ ವಯಸ್ಸನ್ನು ದಾಟಿರುತ್ತಾಳೆ. ಆದರೆ ಮತ್ತೆ ಇವನ್ನು ಓದುವಷ್ಟು ದೊಡ್ಡವಳಾಗುವ ದಿನವೂ ಬಂದೀತು ಎಂಬುದು ಆ ಅರ್ಪಣಪತ್ರದ ತಾತ್ಪರ್ಯ. ಪೆರೋವಿನ ಅರ್ಪಣೆಗೂ ಇದಕ್ಕೂ ನಡುವೆ ಎರಡೂವರೆ ಶತಮಾನಗಳು ಸಂದುವು. ಅಲ್ಲಿ ಇಪ್ಪತ್ತು ವರ್ಷದ ರಾಜಕುಮಾರಿಯು ಸಂಕೋಚವಿಲ್ಲದೆ ಸ್ವೀಕರಿಸಿದ ಕಾಣಿಕೆಯನ್ನು ಇಲ್ಲಿ ಹದಿನಾಲ್ಕು ವರ್ಷದ ಹುಡುಗಿಯು ಸ್ವೀಕರಿಸಲು ನಾಚಬಹುದೆಂದು ಗ್ರಂಥಕರ್ತನು ಶಂಕಿಸಬೇಕಾಯಿತು. ತಾನು ಹತ್ತು ವರ್ಷದವನಾಗಿದ್ದಾಗ ಇವನ್ನು ಗುಟ್ಟಾಗಿ ಓದುತ್ತಿದ್ದುದಾಗಿಯೂ, ಐವತ್ತು ತುಂಬಿದ ಮೇಲೆ ಎಲ್ಲರೆದುರಿಗೆ ಓದುತ್ತಿರುವುದಾಗಿಯೂ ಲೂಯಿಸನು ೧೯೫೨ರಲ್ಲಿ ಗ್ರಂಥಪಾಲಕರ ಸಭೆಯಲ್ಲಿ ಹೇಳಿಕೊಂಡನು. ಬೆಳವಣಿಗೆಯೆಂದರೆ ಹಳೆಯ ರುಚಿಯನ್ನು ಕಳೆದುಕೊಳ್ಳುವುದಲ್ಲ, ಅದರ ಮೇಲೆ ಹೊಸದನ್ನು ಕೂಡಿಸಿಕೊಳ್ಳುವುದು ಎಂಬುದು ಆತನ ಸಿದ್ಧಾಂತ.

ಹಿರಿಯನು ಈ ಕಥೆಗಳಲ್ಲಿ ಪಡೆಯುವ ಸಂತೋಷವು ಮಗುವಿನ ಸಂತೋಷವೇ ಆಗಿದ್ದರೆ ಅದನ್ನು ಬಾಲಿಶವೆನ್ನಬಹುದಾಗಿತ್ತು. ವಿಚಾರಿಸಿ ನೋಡಿದರೆ ಅದು ಹಾಗಿಲ್ಲ. ಸಿಂಡರೆಲಾಳ ಕಥೆಯಲ್ಲಿ ಮಗುವು ನೋಡುವುದು ಕುಂಬಳಕಾಯಿಯಿಂದಾದ ರಥವನ್ನು. ಹಿರಿಯನು ಕೇಳುವುದು ನಡುರಾತ್ರಿಯ ಗಡಿಯಾರದ ಹೊಡೆತವನ್ನು. ಬಟ್ಟೆಯಿಲ್ಲದ ಚಕ್ರವರ್ತಿಯನ್ನು ಕಂಡು ಮಗುವು ನಗುವುದು; ಹಿರಿಯನು ನಗುತ್ತಲೇ, ಇಲ್ಲದ ಉಡುಪನ್ನು ಹೊಗಳಿದ ಆಸ್ಥಾನಿಕರ ಸಾಲಿನಲ್ಲಿ ತನ್ನ ಮುಖವನ್ನೂ ಕಾಣುವನು. ೧೮೬೫ರಲ್ಲಿ ಪ್ರಕಟವಾದ ಆಲಿಸಳ ಕಥೆಯಲ್ಲಿ, ತೀರ್ಮಾನಕ್ಕೆ ಮೊದಲೇ ಶಿಕ್ಷೆಯನ್ನು ವಿಧಿಸಬೇಕೆನ್ನುವ ರಾಣಿಯು ಮಗುವಿಗೆ ಬರಿಯ ತಮಾಷೆ. ಕಚೇರಿಗಳ ಮೆಟ್ಟಿಲನ್ನು ಹತ್ತಿ ಇಳಿದವನಿಗೆ ಆಕೆಯು ಪರಿಚಿತಳು. ಗ್ರಹಾಮನ ಪುಸ್ತಕದಲ್ಲಿ ಮೋಲ್ ಹಿಮ ಸುರಿಯುವ ಸಂಜೆ ದಾರಿಯಲ್ಲಿ ಹೋಗುತ್ತಿರುವಾಗ, ತಾನು ತೊರೆದುಬಂದ ಹಳೆಯ ಮನೆಯ ವಾಸನೆಯು ಗಾಳಿಯಲ್ಲಿ ತೇಲಿಬಂದು ಅಳುವನು. ಇನ್ನೂ ಮನೆಯನ್ನು ಬಿಡದ ಮಗುವು ಅಲ್ಲಿ ಬೇಗನೆ ಪುಟವನ್ನು ತಿರುವೀತು. ಊರನ್ನು ಬಿಟ್ಟು ಬಂದವನು ಆ ಪುಟದಲ್ಲಿ ನಿಲ್ಲುವನು.

ಹೀಗೆ ಒಂದೇ ಪುಸ್ತಕದಲ್ಲಿ ಎರಡು ಓದುಗಳು ಅಡಗಿವೆ. ಮೊದಲನೆಯದು ಬಾಲ್ಯದಲ್ಲಿಯೇ ದೊರೆಯುವುದು. ಎರಡನೆಯದು ಬದುಕಿದವರಿಗೆ ಮಾತ್ರ. ಎರಡನೆಯ ಓದಿನ ಸಮಯದಲ್ಲಿ ಮೊದಲನೆಯದರ ನೆನಪೂ ಜೊತೆಗೂಡಿದರೆ ಆ ಆನಂದಕ್ಕೆ ಎಣೆಯಿಲ್ಲ. ಹಾಗೆಂದು ಮಕ್ಕಳಿಗಾಗಿ ಅಚ್ಚಾದ ಅದ್ಭುತಕಥೆಗಳೆಲ್ಲವೂ ಹಿರಿಯರ ಕಾಲಕ್ಕೆ ಯೋಗ್ಯವೆಂದು ಹೇಳಲಾಗದು. ಎರಡನೆಯ ಓದಿಗೆ ಏನನ್ನೂ ಉಳಿಸಿಕೊಳ್ಳದ ಪುಸ್ತಕಗಳು ಅನೇಕ ಉಂಟು. ಅವುಗಳಿಂದ ಮಗುವಿಗೂ ಸಂದುದು ಅತ್ಯಲ್ಪವೆಂದೇ ತಿಳಿಯಬೇಕು.

ಇಷ್ಟಾದರೂ ನಾಚಿಕೆಯು ಸಂಪೂರ್ಣವಾಗಿ ಅಳಿದಿಲ್ಲ. ಜೆ. ಕೆ. ರೌಲಿಂಗಳ ಹ್ಯಾರಿ ಪಾಟರ್ ಕಥೆಯ ಮೊದಲನೆಯ ಪುಸ್ತಕವು ೧೯೯೭ರಲ್ಲಿ ಹೊರಟಿತು. ಮರುವರ್ಷವೇ ಪ್ರಕಾಶಕರು ಅದೇ ಕಥೆಗೆ ಹಿರಿಯರಿಗಾಗಿ ಬೇರೊಂದು ಗಂಭೀರವಾದ ಹೊದಿಕೆಯನ್ನು ಹಾಕಿ ಮಾರಿದರು. ಒಳಗಿನ ಕಥೆಯು ಹಾಗೆಯೇ ಇದ್ದಿತು. ಬದಲಾದುದು ನಾಚಿಕೆಯನ್ನು ಮುಚ್ಚುವ ರಟ್ಟು ಮಾತ್ರ. ೨೦೦೦ದಲ್ಲಿ ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯು, ಹೆಚ್ಚಾಗಿ ಮಾರಾಟವಾಗುವ ಗ್ರಂಥಗಳ ಪಟ್ಟಿಯಲ್ಲಿ ಈ ಪುಸ್ತಕಗಳೇ ಮೇಲಿನ ಸ್ಥಾನಗಳನ್ನು ಆಕ್ರಮಿಸಿದುದನ್ನು ಕಂಡು, ಮಕ್ಕಳ ಪುಸ್ತಕಗಳಿಗೆ ಪ್ರತ್ಯೇಕವಾದ ಪಟ್ಟಿಯನ್ನು ಏರ್ಪಡಿಸಿತು. ಅದ್ಭುತಕಥೆಯನ್ನು ಮತ್ತೊಮ್ಮೆ ಬೇರೆ ಕೊಠಡಿಗೆ ಸಾಗಿಸಿದಂತಾಯಿತು. ಆದರೆ ೨೦೦೨ರ ಜನವರಿಯಲ್ಲಿ ಫಿಲಿಪ್ ಪುಲ್ಮನನ 'ದಿ ಆಂಬರ್ ಸ್ಪೈಗ್ಲಾಸ್' ಎಂಬ ಕಥೆಗೆ ಇಂಗ್ಲೆಂಡಿನ ವಿಟ್‌ಬ್ರೆಡ್ ಪಾರಿತೋಷಕದ ವರ್ಷದ ಗ್ರಂಥವೆಂಬ ಗೌರವವು ಸಂದಿತು. ಮಕ್ಕಳ ಗ್ರಂಥವೊಂದಕ್ಕೆ ಅದು ಸಂದುದು ಅದೇ ಮೊದಲು.

ಪೆರೋ ಮಗನ ಹೆಸರಿನ ಹಿಂದೆ ನಿಂತನು. ಆಂಡರ್ಸನನು ಶೀರ್ಷಿಕೆಯ ಮಾತನ್ನು ಅಳಿಸಿದನು. ಈಚಿನವರು ಹೊದಿಕೆಯನ್ನು ಬದಲಾಯಿಸಿದರು. ಉಪಾಯಗಳು ಬೇರೆಬೇರೆಯಾದರೂ ಬಯಕೆಯು ಒಂದೇ. ಈ ಮುನ್ನೂರು ವರ್ಷಗಳ ಚರಿತ್ರೆಯನ್ನು ಅರಿತವನು, ರಾತ್ರಿ ದೀಪದ ಬಳಿ ಮಗಳ ಕಥೆಪುಸ್ತಕವನ್ನು ತೆರೆದಾಗ ತಾನು ಮಗುವಿನ ಸೊತ್ತನ್ನು ಕದಿಯುತ್ತಿರುವೆನೆಂದು ಅಂಜಬೇಕಾದುದಿಲ್ಲ. ಆತನ ಹಿರಿಯರು ಅಲ್ಲಿ ಬಿಟ್ಟುಹೋದ ಸೊತ್ತು ಅದು. ಬಾಗಿಲಲ್ಲಿ ಸಪ್ಪಳವಾದರೆ ಪುಸ್ತಕವನ್ನು ಮಗುಚುವುದಕ್ಕೆ ಬದಲಾಗಿ, ಬಂದವರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಕಥೆಯನ್ನು ಮೊದಲಿನಿಂದ ಓದಿ ಹೇಳುವುದು ಮೇಲು.